ಗುಡಾಕೇಶರ ಸೈಕಲ್ಲು

ಅರ್ಜುನನಿಗೆ ಹತ್ತು ಹೆಸರು. ಗುಡುಗು ಮಿಂಚು ಬಂದಾಗ ಆ ಹತ್ತನ್ನೂ ಹೇಳಿದರೆ ಸಿಡಿಲಿನ ಭಯವಿಲ್ಲವೆಂದು ನಮ್ಮ ಕಡೆಯ ಅಜ್ಜಿಯಂದಿರು ಮಕ್ಕಳಿಗೆ ಕಲಿಸುತ್ತಿದ್ದರು. ಆ ಹತ್ತರಲ್ಲಿ ಸೇರದ ಇನ್ನೊಂದು ಹೆಸರು ಅವನಿಗಿದೆ: ಗುಡಾಕೇಶ. ಗುಡಾಕಾ ಎಂದರೆ ನಿದ್ದೆ, ಈಶ ಎಂದರೆ ಒಡೆಯ. ನಿದ್ದೆಯನ್ನು ಗೆದ್ದವನು ಎಂದು ಇದಕ್ಕೆ ಅರ್ಥ ಹೇಳುವುದು ರೂಢಿ. ಆದರೆ ತರಗತಿಯಲ್ಲಿ ಸಮಾಸ ಬಿಡಿಸುವಾಗ ನನಗೆ ಪ್ರತಿ ಸಲವೂ ಅನ್ನಿಸುವುದುಂಟು, ಒಡೆಯನಾಗುವುದು ಬೇರೆ, ಕೊಂದುಹಾಕುವುದು ಬೇರೆ. ಆಳಿನ ಒಡೆಯನೆಂದರೆ ಬೇಕೆಂದಾಗ ಕರೆದು, ಕೆಲಸ ಮುಗಿದ ಮೇಲೆ ಕಳಿಸಬಲ್ಲವನು. ಆಳನ್ನು ಊರಿನಿಂದಲೇ ಓಡಿಸಿದವನನ್ನು ಯಾರೂ ಒಡೆಯ ಎನ್ನುವುದಿಲ್ಲ.

ನಮ್ಮ ಪುರಾಣಗಳಿಗೆ ನಿದ್ದೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕುಂಭಕರ್ಣನ ಆರು ತಿಂಗಳ ನಿದ್ದೆಯ ಕತೆ ಎಲ್ಲ ಮಕ್ಕಳಿಗೂ ಪ್ರಿಯ. ಅದರ ಇನ್ನೊಂದು ತುದಿಯಲ್ಲಿ ಲಕ್ಷ್ಮಣನಿದ್ದಾನೆ. ಹದಿನಾಲ್ಕು ವರ್ಷ ಅವನು ರೆಪ್ಪೆ ಮುಚ್ಚದೆ ಅಣ್ಣ ಅತ್ತಿಗೆಯರನ್ನು ಕಾದನೆಂದೂ, ಅವನ ಪಾಲಿನ ನಿದ್ದೆಯನ್ನು ಅಯೋಧ್ಯೆಯಲ್ಲಿ ಊರ್ಮಿಳೆ ಮಲಗಿ ತೀರಿಸಿದಳೆಂದೂ ಜನಪದರು ಹೇಳುತ್ತಾರೆ. ನಂಬುವುದು ಬಿಡುವುದು ಇರಲಿ, ಲೆಕ್ಕ ಮಾತ್ರ ಪಕ್ಕಾ. ಒಬ್ಬರು ಎದ್ದಿದ್ದರೆ ಆ ನಿದ್ದೆಯ ಸಾಲ ಎಲ್ಲೋ ಯಾರೋ ತೀರಿಸಲೇಬೇಕು.

ಈ ಪುರಾಣವೆಲ್ಲ ನೆನಪಾದದ್ದು ಸೈಕಲ್ಲಿನ ದೆಸೆಯಿಂದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ರಜೆಗೆ ಬಂದವನು, 'ಅಕ್ಕೋರೆ, ನಾನು ಒಂದೇ ಸವಾರಿಯಲ್ಲಿ 600 ಕಿಲೋಮೀಟರು ಸೈಕಲ್ ಹೊಡೆದೆ' ಎಂದ. ಬಾಡದಿಂದ ಕುಮಟೆಗೆ ಸೈಕಲ್ ಹೊಡೆಯಲು ಬೇಸರಪಡುತ್ತಿದ್ದ ಹುಡುಗ ಅವನು! 600 ಕಿಲೋಮೀಟರೆಂದರೆ ಕುಮಟೆಯಿಂದ ಬೆಂಗಳೂರು ಮುಟ್ಟಿ, ತಿರುಗಿ ತುಮಕೂರನ್ನೂ ದಾಟಿ ಬಂದಷ್ಟು ದಾರಿ. ಅದನ್ನು 40 ಗಂಟೆಯೊಳಗೆ ಮುಗಿಸಬೇಕಂತೆ. 'ಮತ್ತೆ ನಿದ್ದೆ?' ಎಂದು ಕೇಳಿದೆ. ಅವನು ನಕ್ಕು, 'ಅದೇ ಅಲ್ಲವೇ ಆಟ! ಕಾಲಿನದು ಅರ್ಧ, ನಿದ್ದೆಯದು ಅರ್ಧ' ಎಂದ. ಆ ಮಾತಿನ ಬೆನ್ನು ಹತ್ತಿ ನಾನು ಓದುತ್ತ ಹೋದಾಗ, ಇದಕ್ಕೊಂದು ನೂರಮೂವತ್ತು ವರ್ಷದ ಇತಿಹಾಸವೇ ಇದೆಯೆಂದು ತಿಳಿಯಿತು. ಯುದ್ಧ, ರಾಜ, ಒಪ್ಪಂದಗಳ ಇತಿಹಾಸವನ್ನು ಇಷ್ಟು ವರ್ಷ ಪಾಠ ಮಾಡಿದವಳಿಗೆ ನಿದ್ದೆಯ ಇತಿಹಾಸ ಹೊಸ ರುಚಿ ಕೊಟ್ಟಿತು.

ಇದರ ಮೊದಲ ಪುಟ ಫ್ರಾನ್ಸಿನಲ್ಲಿದೆ. 1891ರ ಸೆಪ್ಟೆಂಬರ್ 6ರಂದು ಪ್ಯಾರಿಸ್ಸಿನ ಒಂದು ದಿನಪತ್ರಿಕೆ ದೊಡ್ಡದೊಂದು ಸೈಕಲ್ ಪಂದ್ಯ ಏರ್ಪಡಿಸಿತು. ಪ್ಯಾರಿಸ್ಸಿನಿಂದ ಹೊರಟು ಪಶ್ಚಿಮದ ಕಡಲತಡಿಯ ಬ್ರೆಸ್ಟ್ ಎಂಬ ಊರನ್ನು ಮುಟ್ಟಿ ಹಿಂದಿರುಗಬೇಕು. ಒಟ್ಟು ಸುಮಾರು 1,200 ಕಿಲೋಮೀಟರು. ಇನ್ನೂರಕ್ಕೂ ಹೆಚ್ಚು ಜನ ಹೊರಟರು. ಹೆಸರು ಕೊಟ್ಟಿದ್ದ ಏಳು ಮಂದಿ ಹೆಂಗಸರನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ. ಆಗಿನ ರಸ್ತೆ ಹೇಗಿತ್ತೆಂಬುದನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಗಾಳಿ ತುಂಬಿದ ಟಯರು ಆಗಷ್ಟೇ ಬಂದಿತ್ತು.

ಮುಂಚೂಣಿಯಲ್ಲಿ ಇಬ್ಬರು. ಒಬ್ಬ ಶಾರ್ಲ್ ತೆರಾಂ, ಇನ್ನೊಬ್ಬ ಜಿಯೆಲ್ ಲಾವಾಲ್. ಬ್ರೆಸ್ಟ್ ಮುಟ್ಟಿ ತಿರುಗುವಾಗ ಲಾವಾಲನೇ ಮುಂದಿದ್ದ. ದಾರಿಯಲ್ಲಿ ಗ್ಯಾಂಗಾಂ ಎಂಬ ಊರಿನ ವಸತಿಗೃಹದಲ್ಲಿ ಅವನು ಸ್ವಲ್ಪ ಹೊತ್ತು ಮಲಗಿದ. ಎರಡು ರಾತ್ರಿ ಕಳೆದವನಿಗೆ ಅದು ಅತಿಯಾಸೆಯೇನೂ ಅಲ್ಲ. ಆದರೆ ಹಿಂದಿನಿಂದ ಬಂದ ತೆರಾಂ, ಎದುರಾಳಿ ಒಳಗೆ ಮಲಗಿದ್ದಾನೆಂದು ತಿಳಿದು ಸದ್ದಿಲ್ಲದೆ ಆ ಊರನ್ನು ದಾಟಿಬಿಟ್ಟ. ಲಾವಾಲ್ ಕಣ್ಣುಬಿಡುವ ಹೊತ್ತಿಗೆ ಪಂದ್ಯ ಕೈತಪ್ಪಿತ್ತು. ತೆರಾಂ 71 ಗಂಟೆ 22 ನಿಮಿಷಗಳಲ್ಲಿ, ಮಲಗದೆಯೇ, ಪ್ಯಾರಿಸ್ ಸೇರಿದ. ಆಮೆ ಮೊಲದ ಕತೆಯನ್ನು ಹೇಳುವಾಗ ನಾವು ಮಕ್ಕಳಿಗೆ ಸೋಮಾರಿತನದ ನೀತಿ ಹೇಳುತ್ತೇವೆ. ಇಲ್ಲಿ ಮಲಗಿದವನು ಸೋಮಾರಿಯಲ್ಲ, ಮಲಗದವನು ಆಮೆಯೂ ಅಲ್ಲ. ಆದರೂ ಜನ ಕಲಿತ ಪಾಠ ಒಂದೇ: ಮಲಗಿದವನು ಸೋತ.

ಈ ಪಾಠ ಸಮುದ್ರ ದಾಟಿ ಅಮೆರಿಕಕ್ಕೆ ಹೋದಾಗ ಕ್ರೂರವಾಯಿತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಸಭಾಂಗಣದೊಳಗೆ ಹಲಗೆಯ ಓಡುದಾರಿ ಕಟ್ಟಿ ಆರು ದಿನಗಳ ಪಂದ್ಯ ನಡೆಸುತ್ತಿದ್ದರು. ಭಾನುವಾರ ಆಟ ಆಡಬಾರದೆಂಬ ಕ್ರೈಸ್ತ ಕಟ್ಟಳೆಯಿಂದಾಗಿ ಸೋಮವಾರ ಮೊದಲ್ಗೊಂಡು ಶನಿವಾರದವರೆಗೆ. ಗಾಣದೆತ್ತಿನಂತೆ ಸುತ್ತುತ್ತಲೇ ಇರಬೇಕು. ಯಾರು ಹೆಚ್ಚು ಮೈಲು ತುಳಿದರೋ ಅವರು ಗೆದ್ದಂತೆ. ಎಷ್ಟು ಹೊತ್ತು ಬೇಕಾದರೂ ಇಳಿದು ಮಲಗಬಹುದು, ಆದರೆ ಲೆಕ್ಕ ನಿಲ್ಲುವುದಿಲ್ಲ. ಜನ ಟಿಕೆಟು ಕೊಂಡು ನೋಡಲು ಬರುತ್ತಿದ್ದುದು ವೇಗವನ್ನಲ್ಲ. ನಾಲ್ಕನೆಯ ದಿನ, ಐದನೆಯ ದಿನ ಸವಾರರು ತೂಕಡಿಸಿ ಬೀಳುವುದನ್ನು, ಅಳುವುದನ್ನು, ಬಡಬಡಿಸುವುದನ್ನು.

1896ರ ಡಿಸೆಂಬರಿನ ಪಂದ್ಯದಲ್ಲಿ ಟೆಡ್ಡಿ ಹೇಲ್ ಎಂಬಾತ 1,910 ಮೈಲು ತುಳಿದು ಗೆದ್ದ. ನನ್ನ ಮನಸ್ಸು ನಿಂತದ್ದು ಗೆದ್ದವನ ಮೇಲಲ್ಲ, ಎಂಟನೆಯವನಾಗಿ ಮುಗಿಸಿದ ಹುಡುಗನ ಮೇಲೆ. ಅವನ ಹೆಸರು ಮೇಜರ್ ಟೇಲರ್. ಆಗಷ್ಟೇ ಹದಿನೆಂಟು ತುಂಬಿದ, ಕಪ್ಪು ಜನಾಂಗದ ಹುಡುಗ. ಕೊನೆಕೊನೆಗೆ ಅವನು ಮತ್ತೆ ಸೈಕಲ್ ಹತ್ತಲು ಒಪ್ಪಲಿಲ್ಲವಂತೆ. ಕೈಯಲ್ಲಿ ಚಾಕು ಹಿಡಿದ ಒಬ್ಬ ಮನುಷ್ಯ ತನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದಾನೆ ಎಂಬುದು ಅವನು ಕೊಟ್ಟ ಕಾರಣವೆಂದು ಹೇಳುತ್ತಾರೆ. ಚಾಕುವೂ ಇರಲಿಲ್ಲ, ಮನುಷ್ಯನೂ ಇರಲಿಲ್ಲ. ಮೂರು ವರ್ಷದ ನಂತರ, 1899ರಲ್ಲಿ, ಇದೇ ಹುಡುಗ ಕಿರುದೂರದ ಓಟದಲ್ಲಿ ವಿಶ್ವ ಚಾಂಪಿಯನ್ ಆದ. ಅವನ ಕಾಲಿನಲ್ಲಿ ಕೊರತೆ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಾಕತಾಳೀಯವೋ ಏನೋ, ಅದೇ 1896ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಕ್ ಮತ್ತು ಗಿಲ್ಬರ್ಟ್ ಎಂಬಿಬ್ಬರು ಮೂವರನ್ನು ತೊಂಬತ್ತು ಗಂಟೆ ಎಚ್ಚರವಾಗಿಟ್ಟು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಅವರಲ್ಲೊಬ್ಬನಿಗೆ ನೆಲದ ತುಂಬ ಜಿಡ್ಡಿನಂಥ ಪದರ ಹರಿದಾಡುವಂತೆ ಕಾಣತೊಡಗಿತು. ಆಮೇಲೆ ಮಲಗಲು ಬಿಟ್ಟಾಗ, ಕಳೆದುಕೊಂಡ ನಿದ್ದೆಯ ಸ್ವಲ್ಪ ಭಾಗವನ್ನು ಮಾತ್ರ ಹೆಚ್ಚಾಗಿ ಮಲಗಿ ಅವರು ಸರಿಹೋದರು. ಪ್ರಯೋಗಾಲಯದಲ್ಲಿ ಕುರ್ಚಿಯ ಮೇಲೆ ಕುಳಿತವನಿಗೇ ಇಲ್ಲದ್ದು ಕಾಣುವಾಗ ಆರು ದಿನ ಪೆಡಲು ತುಳಿದವನಿಗೆ ಚಾಕುವಿನವನು ಕಂಡದ್ದು ಯಾವ ಆಶ್ಚರ್ಯ! ಮರುಳು ಹಿಡಿಯಿತು, ಗಾಳಿ ಸೋಂಕಿತು ಎಂದು ನಾವು ಹಿಂದೆ ಹೇಳುತ್ತಿದ್ದ ಎಷ್ಟೋ ಸಂಗತಿಗಳ ಹಿಂದೆ ಬರೀ ನಿದ್ದೆಗೇಡು ಇದ್ದಿರಬಹುದೆಂದು ನನಗನ್ನಿಸುತ್ತದೆ. ಬಾಣಂತಿಯರ ವಿಷಯದಲ್ಲಂತೂ.

ಕೊನೆಗೆ ಸರ್ಕಾರವೇ ನಡುವೆ ಬರಬೇಕಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುಂಚೆ ನ್ಯೂಯಾರ್ಕ್ ರಾಜ್ಯ ಒಂದು ಕಾನೂನು ಮಾಡಿತು: ಯಾವ ಸವಾರನೂ ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ಸ್ಪರ್ಧೆಯಲ್ಲಿರಕೂಡದು. ಪಂದ್ಯ ನಡೆಸುವವರು ಜಾಣರು. ಇಬ್ಬರನ್ನು ಜೋಡಿ ಮಾಡಿದರು. ಒಬ್ಬ ತುಳಿಯುವಾಗ ಇನ್ನೊಬ್ಬ ಮಲಗಬಹುದು. ಆ ಜೋಡಿ ಓಟಕ್ಕೆ ಇಂದಿಗೂ 'ಮ್ಯಾಡಿಸನ್' ಎಂದೇ ಹೆಸರು. ಒಲಿಂಪಿಕ್ಸಿನಲ್ಲೂ ಅದನ್ನು ಆಡಿಸಿದ್ದಾರೆ. ಮನುಷ್ಯನ ನಿದ್ದೆಯನ್ನು ಕಾಪಾಡಲೆಂದು ಮಾಡಿದ ಕಾನೂನಿನಿಂದ ಹೊಸದೊಂದು ಆಟವೇ ಹುಟ್ಟಿತೆಂಬುದು ಇತಿಹಾಸದ ಒಂದು ಚೆಂದದ ತಿರುವು.

ಆದರೆ ಒಂಟಿ ಸವಾರನ ಮರುಳು ಸಾಯಲಿಲ್ಲ. 1982ರಲ್ಲಿ ನಾಲ್ಕು ಜನ ಅಮೆರಿಕದ ಪಶ್ಚಿಮ ತೀರದಿಂದ ಪೂರ್ವ ತೀರಕ್ಕೆ ಪಂದ್ಯ ಹೂಡಿದರು. ಲಾನ್ ಹಾಲ್ಡ್‌ಮನ್ ಎಂಬಾತ ಹತ್ತು ದಿನಕ್ಕೂ ಕಡಿಮೆ ಅವಧಿಯಲ್ಲಿ ಗೆದ್ದ. ಮರುವರ್ಷದಿಂದ ಅದಕ್ಕೆ 'ರೇಸ್ ಅಕ್ರಾಸ್ ಅಮೆರಿಕ' ಎಂದು ಹೆಸರಾಯಿತು. ದೂರ ಸುಮಾರು 4,800 ಕಿಲೋಮೀಟರು. ಶ್ರೀನಗರದಿಂದ ಕನ್ಯಾಕುಮಾರಿಗೆ ರಸ್ತೆಯಲ್ಲಿ ಹೋದರೂ ನಾಲ್ಕು ಸಾವಿರ ಆಗುವುದಿಲ್ಲ. ಈ ಪಂದ್ಯದಲ್ಲಿ ಗಡಿಯಾರ ಒಮ್ಮೆ ಶುರುವಾದರೆ ಕೊನೆಯವರೆಗೆ ನಿಲ್ಲುವುದಿಲ್ಲ.

ಇದನ್ನು ಎಂಟನೆಯ ತರಗತಿಯ ಲೆಕ್ಕದ ಹಾಗೆ ಹಲಗೆಯ ಮೇಲೆ ಬರೆಯೋಣ. 12 ದಿನಗಳ ಗಡುವು, 4,800 ಕಿಲೋಮೀಟರು. ದಿನಕ್ಕೆ 400 ಆಯಿತು. ಮರುಭೂಮಿ, ಬೆಟ್ಟ, ಎದುರುಗಾಳಿ ಸೇರಿ ಗಂಟೆಗೆ ಸರಾಸರಿ 20 ಕಿಲೋಮೀಟರು ಎಂದಿಟ್ಟುಕೊಂಡರೆ 20 ಗಂಟೆ ತುಳಿಯಬೇಕು. ಉಳಿದದ್ದು ನಾಲ್ಕು ಗಂಟೆ. ಅದರಲ್ಲೇ ಮೈ ತೊಳೆಯುವುದು, ಗಾಯಕ್ಕೆ ಮುಲಾಮು ಹಚ್ಚುವುದು, ಬಟ್ಟೆ ಬದಲಿಸುವುದು, ನಿದ್ದೆ. ಇಲ್ಲಿ ಒಬ್ಬ ಜಾಣ ವಿದ್ಯಾರ್ಥಿ, 'ಹಾಗಾದರೆ ಮಲಗುವುದನ್ನೇ ಬಿಟ್ಟರೆ ನಾಲ್ಕು ಗಂಟೆ ಉಳಿಯಿತಲ್ಲ!' ಎನ್ನುತ್ತಾನೆ. ಉತ್ತರ ಹೀಗೆ: ಮಲಗದವನ ವೇಗ 20ರಲ್ಲಿ ನಿಲ್ಲುವುದಿಲ್ಲ. ಅದು 15ಕ್ಕೆ ಇಳಿದರೆ, 24 ಗಂಟೆ ತುಳಿದರೂ 360 ಕಿಲೋಮೀಟರು ಮಾತ್ರ. ಮಲಗಿ ಎದ್ದವನೇ 40 ಕಿಲೋಮೀಟರು ಮುಂದೆ! ನಿದ್ದೆ ಖರ್ಚಲ್ಲ, ಬೀಜದ ಭತ್ತ. ಎಷ್ಟು ಬಿತ್ತಬೇಕು, ಯಾವ ಹೊತ್ತಿಗೆ ಬಿತ್ತಬೇಕು ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗಲಿಲ್ಲ. 1983ರಲ್ಲಿ ಮೈಕೆಲ್ ಶೆರ್ಮರ್ ಎಂಬ ಸವಾರ 83 ಗಂಟೆ ನಿದ್ದೆಯಿಲ್ಲದೆ ತುಳಿದು ನೆಬ್ರಾಸ್ಕ ಎಂಬ ರಾಜ್ಯ ತಲುಪಿದ್ದ. ನಡುರಾತ್ರಿ ಅವನ ಬೆಂಗಾವಲಿನ ದೊಡ್ಡ ಗಾಡಿ ದೀಪ ಉರಿಸುತ್ತ ಪಕ್ಕಕ್ಕೆ ಬಂತು. ಸ್ವಲ್ಪ ಮಲಗು ಎಂದು ಹೇಳಲು ಅವನ ಜೊತೆಗಾರರು ಇಳಿದರು. ಶೆರ್ಮರನಿಗೆ ಅವರು ಬೇರೆ ಗ್ರಹದಿಂದ ಬಂದ ಜೀವಿಗಳಾಗಿ, ಗಾಡಿ ಅವರ ವಿಮಾನವಾಗಿ ಕಂಡಿತು! ನಿಜವಾದ ಮನುಷ್ಯರೋ ಅಲ್ಲವೋ ಎಂದು ಪರೀಕ್ಷಿಸಲು ಅವರಿಗೆ ಪ್ರಶ್ನೆಗಳನ್ನೂ ಹಾಕಿದನಂತೆ. ಒಂದೂವರೆ ಗಂಟೆ ಮಲಗಿಸಿ ಎಬ್ಬಿಸಿದ ಮೇಲೆ ಎಲ್ಲರೂ ಮತ್ತೆ ಮನುಷ್ಯರಾದರು. ಮುಂದೆ ಇದೇ ವ್ಯಕ್ತಿ ದೆವ್ವ ಭೂತ ಪವಾಡಗಳನ್ನು ಪ್ರಶ್ನಿಸುವ ಪತ್ರಿಕೆಯೊಂದರ ಸಂಪಾದಕನಾದ. ಕಣ್ಣಾರೆ ಕಂಡೆ ಎಂದ ಮಾತ್ರಕ್ಕೆ ಸತ್ಯವಾಗುವುದಿಲ್ಲ ಎಂಬುದಕ್ಕೆ ಅವನು ತನ್ನದೇ ಉದಾಹರಣೆ ಕೊಡುತ್ತಾನೆ.

ಅಷ್ಟರಲ್ಲಿ ವಿಜ್ಞಾನವೂ ಮುಂದೆ ಹೋಗಿತ್ತು. 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ಮಲಗಿದವರ ಕಣ್ಣುಗುಡ್ಡೆ ರೆಪ್ಪೆಯೊಳಗೆ ಆಗಾಗ ಚಡಪಡಿಸುವುದನ್ನು ಗುರುತಿಸಿದರು. ನಿದ್ದೆ ಒಂದೇ ಸಮನಾದ ಕತ್ತಲೆಯಲ್ಲ, ಅದರಲ್ಲಿ ಮೆಟ್ಟಿಲುಗಳಿವೆ, ಇಳಿದು ಏರುವ ಒಂದು ಸುತ್ತಿಗೆ ಸುಮಾರು 90 ನಿಮಿಷ ಬೇಕೆಂಬುದು ಮುಂದೆ ಸ್ಪಷ್ಟವಾಯಿತು. ಆಳದಲ್ಲಿದ್ದಾಗ ಎಬ್ಬಿಸಿದರೆ ಮನುಷ್ಯ ಎದ್ದೂ ಎದ್ದಿರುವುದಿಲ್ಲ. ಪರೀಕ್ಷೆಯ ದಿನ ಮಕ್ಕಳನ್ನು ಅಲುಗಾಡಿಸಿ ಎಬ್ಬಿಸುವ ತಾಯಂದಿರಿಗೆ ಇದು ಗೊತ್ತು. ಆದ್ದರಿಂದಲೇ ಸವಾರರು ಒಂದು ಸುತ್ತು, ಇಲ್ಲವೇ ಎರಡು ಸುತ್ತು ಎಂದು ಲೆಕ್ಕ ಹಾಕಿ ಮಲಗುತ್ತಾರೆ. ಅದೂ ಆಗದಿದ್ದರೆ ಆಳಕ್ಕೆ ಇಳಿಯುವ ಮೊದಲೇ ಎದ್ದುಬಿಡುವ ಹದಿನೈದು ಇಪ್ಪತ್ತು ನಿಮಿಷದ ಕೋಳಿನಿದ್ದೆ. ಕೆಲವರು ಕಾಫಿ ಕುಡಿದು ಕೂಡಲೇ ಮಲಗುತ್ತಾರೆ. ಕಾಫಿ ತಲೆಗೇರಲು ಹೇಗೂ ಅಷ್ಟು ಹೊತ್ತು ಬೇಕು. ಏಳುವಾಗ ನಿದ್ದೆಯ ಲಾಭವೂ ಕಾಫಿಯ ಲಾಭವೂ ಒಟ್ಟಿಗೆ ಸಿಗುತ್ತದೆ.

ಇನ್ನು ಹೊತ್ತಿನ ವಿಚಾರ. ಮೈಯೊಳಗೊಂದು ಗಡಿಯಾರವಿದೆ. ರಾತ್ರಿ ಎರಡರಿಂದ ಐದರವರೆಗೆ ಮೈಯ ಬಿಸಿ ಇಳಿದು, ಎಚ್ಚರ ತಳ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಹಟ ಹಿಡಿದು ತುಳಿಯುವವನು ಹೆಚ್ಚು ದೂರ ಹೋಗುವುದಿಲ್ಲ. ಅದನ್ನೇ ನಿದ್ದೆಗೆ ಕೊಟ್ಟು ಬೆಳಕು ಹರಿಯುವ ಮುಂಚೆ ಎದ್ದರೆ ಸೂರ್ಯನೇ ಉಳಿದ ಕೆಲಸ ಮಾಡುತ್ತಾನೆ. ಬಿಸಿಲು ಕಣ್ಣಿಗೆ ಬಿದ್ದರೆ ಮೈ ಹೊಸ ದಿನವೆಂದು ನಂಬುತ್ತದೆ. ಎಷ್ಟೋ ಸವಾರರು ಮೊದಲ ರಾತ್ರಿ ಮಲಗುವುದೇ ಇಲ್ಲ. ಹೊಸ ಹುರುಪಿನಲ್ಲಿ ಮಲಗಿದರೂ ನಿದ್ದೆ ಬಾರದು. ಎರಡನೆಯ ರಾತ್ರಿಯಿಂದ ಸಾಲ ತೀರಿಸತೊಡಗುತ್ತಾರೆ. ಒಟ್ಟಿನಲ್ಲಿ, 'ಹೇಗೆ ಮಲಗದಿರಲಿ' ಎಂದು ಶುರುವಾದ ಪ್ರಶ್ನೆ, ನೂರು ವರ್ಷ ಸವೆದು, 'ಯಾವಾಗ ಮಲಗಲಿ' ಎಂದಾಯಿತು.

ಹಾಗೆಂದು ಹಟಮಾರಿಗಳು ಇಲ್ಲವೆಂದಲ್ಲ. ಸ್ಲೊವೇನಿಯ ದೇಶದ ಸೈನಿಕ ಯೂರೆ ರೋಬಿಚ್ 2004ರಿಂದ 2010ರೊಳಗೆ ಈ ಅಮೆರಿಕದ ಪಂದ್ಯವನ್ನು ಐದು ಸಲ ಗೆದ್ದ. ದಿನಕ್ಕೆ ಒಂದೂವರೆ ಗಂಟೆಯ ಆಸುಪಾಸು ಅವನ ನಿದ್ದೆ. ಕೆಲವು ದಿನಗಳ ನಂತರ ಅವನಿಗೆ ಶತ್ರುಗಳು ಬೆನ್ನಟ್ಟಿದಂತೆ ಕಾಣುತ್ತಿತ್ತು. ಆಗ ಅವನ ಪರವಾಗಿ ಯೋಚಿಸುವ ಕೆಲಸ ಬೆಂಗಾವಲು ತಂಡದ್ದು: ಯಾವಾಗ ನಿಲ್ಲಬೇಕು, ಎಷ್ಟು ಮಲಗಬೇಕು, ಯಾವಾಗ ಏಳಬೇಕು ಎಲ್ಲವನ್ನೂ ಅವರೇ ನಿರ್ಧರಿಸುತ್ತಿದ್ದರು. ಅವನ ನಂತರ ಬಂದ ಆಸ್ಟ್ರಿಯದ ಕ್ರಿಸ್ಟಾಫ್ ಸ್ಟ್ರಾಸರ್ 2014ರಲ್ಲಿ 7 ದಿನ 15 ಗಂಟೆ 56 ನಿಮಿಷಗಳಲ್ಲಿ ಖಂಡ ದಾಟಿದ. ಇವರ ಸಾಹಸ ಸುಳ್ಳಲ್ಲ. ಆದರೆ ಹಿಂದಿನ ಗಾಡಿಯಲ್ಲಿ ಸರದಿಯ ಮೇಲೆ ಎಚ್ಚರವಿದ್ದು ದೀಪ ಹಿಡಿದವರು, ಗಂಜಿ ಕಲಸಿಕೊಟ್ಟವರು, ಪಾಳಿ ಮುಗಿಸಿ ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿದವರು ಇಲ್ಲದಿದ್ದರೆ? ಊರ್ಮಿಳೆಯಿಲ್ಲದೆ ಲಕ್ಷ್ಮಣನಿಲ್ಲ.

ನಮ್ಮವರೂ ಆ ರಸ್ತೆ ಕಂಡಿದ್ದಾರೆ. ಬೆಂಗಳೂರಿನ ಸಮೀಂ ರಿಜ್ವಿ 2010ರಲ್ಲಿ ಭಾರತದಿಂದ ಮೊದಲ ಬಾರಿಗೆ ಒಂಟಿಯಾಗಿ ಅಲ್ಲಿ ಸ್ಪರ್ಧೆಗಿಳಿದರು. ಗಡುವಿನೊಳಗೆ ಮುಗಿಸಿದ ಭಾರತೀಯ ಒಂಟಿ ಸವಾರನ ಹೆಸರು ಕೇಳಲು 2017ರವರೆಗೆ ಕಾಯಬೇಕಾಯಿತು. ಆ ವರ್ಷ ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ 11 ದಿನ 18 ಗಂಟೆ 45 ನಿಮಿಷಗಳಲ್ಲಿ ಮುಗಿಸಿದರು. ಅವರ ಬೆನ್ನಿಗೇ ನಾಗಪುರದ ವೈದ್ಯ ಅಮಿತ್ ಸಮರ್ಥ್ ಬಂದರು. ಗೋಕುಲನಾಥರ ಗಡುವಿಗೆ ಉಳಿದಿದ್ದದ್ದು ಐದೂಕಾಲು ಗಂಟೆ. ಹನ್ನೆರಡು ದಿನಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆಯೂ ಬರುವುದಿಲ್ಲ. ಪ್ರತಿ ರಾತ್ರಿ ಅರ್ಧ ಗಂಟೆ ಹೆಚ್ಚು ಮಲಗಿದ್ದರೆ ಕೈತಪ್ಪುತ್ತಿತ್ತು. ಬಹುಶಃ ಅರ್ಧ ಗಂಟೆ ಕಡಿಮೆ ಮಲಗಿದ್ದರೂ ಕೈತಪ್ಪುತ್ತಿತ್ತು. ಇಬ್ಬರೂ ವೈದ್ಯರೆಂಬುದು ನನಗೆ ಬರೀ ಆಕಸ್ಮಿಕವೆಂದು ತೋರುವುದಿಲ್ಲ.

ನನ್ನ ವಿದ್ಯಾರ್ಥಿ ತುಳಿದ ಸವಾರಿಗೆ 'ಬ್ರೆವೆ' ಎಂದು ಹೆಸರು. ಅದು ಆ ಹಳೆಯ ಪ್ಯಾರಿಸ್-ಬ್ರೆಸ್ಟ್ ದಾರಿಯ ಮೊಮ್ಮಗು. ಅಲ್ಲಿ ಮೊದಲನೆಯವನು, ಕೊನೆಯವನು ಎಂಬುದಿಲ್ಲ. ಗಡುವಿನೊಳಗೆ ಬಂದವರೆಲ್ಲ ಗೆದ್ದವರೇ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಇಂಥ ಸವಾರಿಗಳು ನಡೆಯುತ್ತವೆ. ಪೆಟ್ರೋಲ್ ಬಂಕಿನ ಕಟ್ಟೆ, ಬಸ್ ನಿಲ್ದಾಣದ ಕಲ್ಲುಬೆಂಚು, ದೇವಸ್ಥಾನದ ಜಗಲಿ ಇವೇ ಅವರ ಪಲ್ಲಂಗ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಇವರಿಗಾಗಿಯೇ ಮಾಡಿದಂತಿದೆ.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಕಡೆಯ ಆಟದ ಚೌಕಿ ನೆನಪಾಗದೆ ಇರಲಿಲ್ಲ. ಹೊನ್ನಾವರ, ಕುಮಟೆಯ ಬಯಲುಗಳಲ್ಲಿ ಬೆಳತನಕದ ಯಕ್ಷಗಾನ ನೋಡಿ ಬೆಳೆದವರು ನಾವು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಂಥವು ನಮ್ಮ ನೆರೆಯಲ್ಲೇ ಹುಟ್ಟಿದವು. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಮಳೆ ಹಿಡಿಯುವವರೆಗೆ ಊರಿಂದೂರಿಗೆ, ರಾತ್ರಿಯಿಂದ ರಾತ್ರಿಗೆ ಹೋಗುತ್ತಿತ್ತು. ಇದೂ ದೀರ್ಘದೂರದ ಓಟವೇ ಅಲ್ಲವೇ? ಅದಕ್ಕೊಂದು ನಿದ್ದೆಯ ವ್ಯವಸ್ಥೆ ಇತ್ತು. ಮೊದಲ ಹೊತ್ತಿಗೆ ಕೋಡಂಗಿ, ಬಾಲಗೋಪಾಲರಾಗಿ ಕಲಿಯುವ ಹುಡುಗರು ಕುಣಿಯುವರು. ಸಂಗೀತಗಾರ ಪದ ಹೇಳುವನು. ಮುಖ್ಯ ಭಾಗವತರು ರಾತ್ರಿ ಏರಿದ ಮೇಲೆ ಬಂದು ಜಾಗಟೆ ಹಿಡಿಯುವರು. ಬೆಳಗಿನ ಜಾವದ ವೇಷದವನು ಚೌಕಿಯ ಮೂಲೆಯಲ್ಲಿ ಪೆಟ್ಟಿಗೆಗೆ ಒರಗಿ ಒಂದು ನಿದ್ದೆ ತೆಗೆಯುವನು. ಆಟದಲ್ಲಿ ಎಲ್ಲರೂ ರಾತ್ರಿಯಿಡೀ ಎಚ್ಚರವಿರುತ್ತಿದ್ದರೆಂದು ಹೊರಗಿನವರು ತಿಳಿಯಬಹುದು. ಆಟ ಎಚ್ಚರವಿರುತ್ತಿತ್ತು, ಆಡುವವರು ಪಾಳಿಯ ಮೇಲೆ ಮಲಗುತ್ತಿದ್ದರು. ನ್ಯೂಯಾರ್ಕಿನವರು ಕಾನೂನು ಮಾಡಿ ಕಂಡುಕೊಂಡ 'ಮ್ಯಾಡಿಸನ್' ಜೋಡಿ ಉಪಾಯ ನಮ್ಮ ಮೇಳಗಳಲ್ಲಿ ರೂಢಿಯಾಗಿಯೇ ಇತ್ತು.

ಒಂದು ವಿಷಯ ಹೆಣ್ಣಾಗಿ ಹೇಳಲೇಬೇಕು. 2016ರಲ್ಲಿ ಅಮೆರಿಕದಲ್ಲೇ ಇನ್ನೊಂದು ಪಂದ್ಯ ನಡೆಯಿತು. ಇದರಲ್ಲಿ ಬೆಂಗಾವಲು ಇಲ್ಲ. ಊಟ, ರಿಪೇರಿ, ನಿದ್ದೆ ಎಲ್ಲವೂ ಅವರವರದೇ ಜವಾಬ್ದಾರಿ. ಸುಮಾರು 6,800 ಕಿಲೋಮೀಟರಿನ ಆ ಓಟದ ಕೊನೆಯ ಘಟ್ಟದಲ್ಲಿ ಸ್ಟೆಫನ್ ಸ್ಟ್ರೈಕ್ ಎಂಬಾತ ಮುಂದಿದ್ದ. ಸ್ವಲ್ಪ ಮಲಗಿ ಎದ್ದವನು ನಿದ್ದೆಗಣ್ಣಿನಲ್ಲಿ ಸೈಕಲ್ ಹತ್ತಿ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟ! ಎದುರಿಗೆ ಬಂದವಳು ಅಲಾಸ್ಕದ ಲೇಲ್ ವಿಲ್ಕಾಕ್ಸ್. ಇಬ್ಬರೂ ಜೊತೆಯಾಗಿಯೇ ಮುಗಿಸೋಣವೆಂದು ಅವನು ಕೇಳಿದ. ಇದು ಪಂದ್ಯ ಎಂದಷ್ಟೇ ಹೇಳಿ ಅವಳು ಮುಂದೆ ಹೋದಳು. ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು ಮುಟ್ಟಿದಳು. 2019ರಲ್ಲಿ ಯೂರೋಪು ದಾಟುವ ಪಂದ್ಯದಲ್ಲಿ ಜರ್ಮನಿಯ 24 ವರ್ಷದ ಫಿಯೋನಾ ಕೋಲ್ಬಿಂಗರ್ ಬಲ್ಗೇರಿಯದಿಂದ ಸುಮಾರು 4,000 ಕಿಲೋಮೀಟರನ್ನು 10 ದಿನ 2 ಗಂಟೆ 48 ನಿಮಿಷಗಳಲ್ಲಿ ಮುಗಿಸಿ ಎಲ್ಲರಿಗಿಂತ ಮೊದಲಿಗಳಾದಳು. ಅವಳು ರಾತ್ರಿಗೆ ಸುಮಾರು ನಾಲ್ಕು ಗಂಟೆ ಮಲಗಿ ಗೆದ್ದಳು. ಮುಟ್ಟಿದ ಊರು ಯಾವುದು ಗೊತ್ತೇ? 1891ರಲ್ಲಿ ಏಳು ಹೆಂಗಸರಿಗೆ ಹೋಗಲು ಬಿಡದ ಅದೇ ಬ್ರೆಸ್ಟ್. 2021ರಲ್ಲಿ ಲಿಯಾ ಗೋಲ್ಡ್‌ಸ್ಟೀನ್ ಎಂಬಾಕೆ ರೇಸ್ ಅಕ್ರಾಸ್ ಅಮೆರಿಕವನ್ನೇ ಗಂಡಸರ ಮುಂದೆ ಗೆದ್ದಳು.

ಹೆಂಗಸರಿಗೆ ತುಂಡು ನಿದ್ದೆ ಹೊಸತಲ್ಲ ಎಂದು ಯಾರಾದರೂ ಇದಕ್ಕೆ ನಗುತ್ತ ಕಾರಣ ಹೇಳಬಹುದು. ನನಗೆ ಆ ನಗು ಅಷ್ಟಾಗಿ ರುಚಿಸುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಒಲೆ ಒರೆಸಿ ಮಲಗಿ, ಎಲ್ಲರಿಗಿಂತ ಮೊದಲೆದ್ದು ಒಲೆ ಹಚ್ಚುವವಳು ಗುಡಾಕೇಶಿಯಲ್ಲ. ಅವಳ ನಿದ್ದೆಯ ಹೊತ್ತನ್ನು ಅವಳು ಆರಿಸಿಲ್ಲ. ವಿಲ್ಕಾಕ್ಸ್, ಕೋಲ್ಬಿಂಗರ್ ಗೆದ್ದದ್ದು ಕಡಿಮೆ ಮಲಗಿ ಅಭ್ಯಾಸವಿತ್ತೆಂದಲ್ಲ; ಎಲ್ಲಿ, ಎಷ್ಟು, ಯಾವಾಗ ಮಲಗಬೇಕೆಂಬುದನ್ನು ತಾವೇ ನಿರ್ಧರಿಸುವ ಅಧಿಕಾರ ಅವರ ಕೈಯಲ್ಲಿತ್ತು. ವ್ಯತ್ಯಾಸ ಇರುವುದು ಅಲ್ಲಿ.

ಈ ವ್ಯತ್ಯಾಸ ನಮ್ಮೂರಿನ ಹೆದ್ದಾರಿಯಲ್ಲಿ ದಿನವೂ ಕಣ್ಣಿಗೆ ಬೀಳುತ್ತದೆ. ರಾತ್ರಿ ಮೀನಿನ ಲಾರಿಗಳು ಮಂಜುಗಡ್ಡೆಯ ನೀರು ಸುರಿಸುತ್ತ ಓಡುತ್ತವೆ. ಮಂಜುಗಡ್ಡೆಯೇ ಅವುಗಳ ಗಡಿಯಾರ. ಅದು ಕರಗುವ ಮುಂಚೆ ಪೇಟೆ ಸೇರಬೇಕು. ಅಂಥ ಲಾರಿ ಓಡಿಸುವ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಒಮ್ಮೆ ನನಗೆ ಹೇಳಿದ: 'ಅಕ್ಕೋರೆ, ನಿದ್ದೆ ಬರೂದು ಗೊತ್ತಾಗ್ತದೆ. ಬಂದದ್ದು ಮಾತ್ರ ಗೊತ್ತಾಗೂದಿಲ್ಲ.' ಯಾವ ವಿಜ್ಞಾನಿಯೂ ಇದಕ್ಕಿಂತ ಚೆನ್ನಾಗಿ ಹೇಳಲಾರ. ಕಣ್ಣು ತೆರೆದಿರುವಾಗಲೇ ಮಿದುಳು ಎರಡು ಮೂರು ಸೆಕೆಂಡು ಆರಿಹೋಗುವುದಕ್ಕೆ ವೈದ್ಯರು ಮೈಕ್ರೋಸ್ಲೀಪ್ ಎನ್ನುತ್ತಾರೆ. ಗಂಟೆಗೆ 80 ಕಿಲೋಮೀಟರು ಓಡುವ ಲಾರಿ ಮೂರು ಸೆಕೆಂಡಿನಲ್ಲಿ 66 ಮೀಟರು ಹೋಗಿರುತ್ತದೆ. ಸೈಕಲ್ಲಿನವನು ತೂಕಡಿಸಿದರೆ ಹೆಚ್ಚಾಗಿ ತಾನೇ ಬೀಳುತ್ತಾನೆ. ಲಾರಿಯವನು ತೂಕಡಿಸಿದರೆ ಬೀಳುವವರು ಬೇರೆಯವರೂ ಹೌದು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ, ದಿನಕ್ಕೆ ಎಂಟು, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಆರು ದಿನದ ಸವಾರರಿಗೆ ನ್ಯೂಯಾರ್ಕಿನಲ್ಲಿ ಸಿಕ್ಕ ರಕ್ಷಣೆಯಂಥದೇ. ಅಲ್ಲಿ ಅದು ಜಾರಿಗೆ ಬಂದದ್ದು ಸಾವಿರಾರು ಜನ ಕಣ್ಣೆದುರೇ ಹುಡುಗರು ಮರುಳಾಗುವುದನ್ನು ನೋಡಿದ್ದರಿಂದ. ನಮ್ಮ ಲಾರಿಯವನ ಕಣ್ಣು ಮುಚ್ಚುವುದು ಕತ್ತಲೆಯಲ್ಲಿ, ನೋಡುವವರು ಯಾರೂ ಇರುವುದಿಲ್ಲ. ಮಾಲೀಕನ ಬಳಿ ಮಂಜುಗಡ್ಡೆಯ ಲೆಕ್ಕ ಇರುತ್ತದೆ, ಡೀಸೆಲ್ಲಿನ ಲೆಕ್ಕ ಇರುತ್ತದೆ. ನಿದ್ದೆಯ ಲೆಕ್ಕದ ಪುಸ್ತಕ ಮಾತ್ರ ಇರುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆ ಸಮುದ್ರ ದಾಟುವ ವಿಮಾನಗಳ ಪೈಲಟರಿಗೆ ಹಾರಾಟದ ನಡುವೆಯೇ ಸರದಿಯ ಮೇಲೆ ಮಲಗಲು ಬಿಟ್ಟು ನೋಡಿತು. ಸರಾಸರಿ 26 ನಿಮಿಷದ ನಿದ್ದೆ. ಎದ್ದ ಮೇಲೆ ಎಚ್ಚರ ಹೆಚ್ಚಿತ್ತು. ಅದು ಸಾಧ್ಯವಾದದ್ದು ಪಕ್ಕದಲ್ಲಿ ಇನ್ನಿಬ್ಬರು ಎಚ್ಚರವಿದ್ದುದರಿಂದ. ಲಾರಿಯಲ್ಲಿ ಎರಡನೆಯ ಚಾಲಕನನ್ನು ಕೂರಿಸುವುದು ದುಬಾರಿ ಎನ್ನುವವರು ಈ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು.

ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ, ರಾತ್ರಿ ಎರಡರವರೆಗೆ ಓದಿದೆನೆಂದು ಮಕ್ಕಳು ಹೆಮ್ಮೆಯಿಂದ ಹೇಳುತ್ತಾರೆ. ತಂದೆತಾಯಿಯರ ಮುಖದಲ್ಲೂ ಅದೇ ಹೆಮ್ಮೆ. ಅಂಥ ಹೊತ್ತಿನಲ್ಲಿ ನಾನು ಈಗ ಪಾಠ ಬದಿಗಿಟ್ಟು ಸೈಕಲ್ಲಿನ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತೇನೆ. 20 ಗಂಟೆಗೆ 400, 24 ಗಂಟೆಗೆ 360. ಮೊದಲು ನಂಬುವುದಿಲ್ಲ. ಗುಣಾಕಾರ ಎರಡು ಸಲ ಮಾಡಿ ನೋಡುತ್ತಾರೆ. ಉತ್ತರ ಬದಲಾಗುವುದಿಲ್ಲ.